ಬೈಪಾಸ್ ಬೇಡ ಅಂದವರ ಮೂರು ವರ್ಷ: ಒಂದು ಪ್ರಕರಣ ಅಧ್ಯಯನ

57 ವರ್ಷದ ಗಂಡಸು. ಲೆಕ್ಕಪತ್ರದ ಕೆಲಸ, ದಿನವಿಡೀ ಕುರ್ಚಿಯಲ್ಲೇ. ಎರಡನೇ ಮಹಡಿಗೆ ಮೆಟ್ಟಿಲು ಹತ್ತಿದರೆ ಎದೆಯ ನಡುವೆ ಹಿಡಿದ ಹಾಗಾಗುತ್ತದೆ. ನಿಂತು ಸುಧಾರಿಸಿಕೊಂಡರೆ ಎರಡು ಮೂರು ನಿಮಿಷದಲ್ಲಿ ಹೋಗುತ್ತದೆ. ನಾಲ್ಕು ತಿಂಗಳಿಂದ ಇದೇ ಪಾಡು. ಜಾಸ್ತಿಯೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ಕೂತಾಗ, ಮಲಗಿದಾಗ ಒಮ್ಮೆಯೂ ಬಂದಿಲ್ಲ. ದಿನಕ್ಕೆ ಐದಾರು ಸಿಗರೇಟು, ಅದೂ ಇಪ್ಪತ್ತೈದು ವರ್ಷಗಳಿಂದ. ಶುಗರ್ ಇಲ್ಲ, ಆದರೆ ಗಡಿಯಲ್ಲಿದೆ.

ಇದು ಒಬ್ಬರೇ ವ್ಯಕ್ತಿಯ ಕಥೆಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಇಂಥ ಸ್ಥಿತಿಯಲ್ಲಿ ಸಾಮಾನ್ಯವಾಗಿ ಏನೇನು ನಡೆಯುತ್ತದೋ ಅದನ್ನೆಲ್ಲ ಸೇರಿಸಿ ಒಂದು ಪ್ರಕರಣವಾಗಿ ಬರೆದಿದ್ದೇನೆ. ಅಧ್ಯಯನಗಳ ಹೆಸರು, ಇಸವಿ, ಅಂಕಿಗಳು ಮಾತ್ರ ನಿಜವಾದವು.

ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 152, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 38, ಟ್ರೈಗ್ಲಿಸರೈಡ್ ಎಂಬ ಕೊಬ್ಬು 210. ಬಿಪಿ 148/92. ತೂಕ 84 ಕಿಲೋ. ಸುಮ್ಮನೆ ಮಲಗಿದಾಗ ತೆಗೆದ ಇಸಿಜಿ ಸರಿ ಇತ್ತು. ಟ್ರೆಡ್‌ಮಿಲ್ ಮೇಲೆ ಆರನೇ ನಿಮಿಷಕ್ಕೆ ಇಸಿಜಿ ಬದಲಾಯಿತು, ಎದೆಯೂ ಹಿಡಿಯಿತು. ಎಕೋದಲ್ಲಿ ಹೃದಯದ ಪಂಪಿಂಗ್ ಶೇ 60, ಅಂದರೆ ಪೂರ್ತಿ ಸರಿ. ಆಂಜಿಯೋಗ್ರಾಂನಲ್ಲಿ ಬಲಗಡೆಯ ರಕ್ತನಾಳದಲ್ಲಿ ಶೇ 80 ಬ್ಲಾಕ್, ಎಡಗಡೆ ಮುಂಭಾಗದ ನಾಳದ ನಡುವೆ ಶೇ 60, ಮೂರನೆಯದರಲ್ಲಿ ಶೇ 40. ಎಡಗಡೆಯ ಮುಖ್ಯ ಬುಡನಾಳದಲ್ಲಿ ಏನೂ ಇರಲಿಲ್ಲ. ಈ ಕೊನೆಯ ಮಾತು ಚಿಕ್ಕದಾಗಿ ಕಂಡರೂ ಮುಂದಿನ ಇಡೀ ನಿರ್ಧಾರ ಅದರ ಮೇಲೆಯೇ ನಿಂತಿದೆ.

ಮೊದಲು ನೋಡಿದ ವೈದ್ಯರು ಬೈಪಾಸ್ ಮಾಡಿಸಿಬಿಡಿ ಅಂದರು. ಮನೆಯಲ್ಲಿ ಯಾರೂ ಅದಕ್ಕೆ ತಯಾರಿರಲಿಲ್ಲ. ಹೆಂಡತಿ ಕೇಳಿದ್ದು ನೇರ ಪ್ರಶ್ನೆ. "ಇವರು ಊಟ ಬದಲಾಯಿಸ್ತಾರೆ, ಸಿಗರೇಟು ಬಿಡ್ತಾರೆ, ಏನು ಹೇಳಿದ್ರೂ ಮಾಡ್ತಾರೆ. ಎದೆ ಕೊಯ್ಯದೆ ವಾಸಿ ಮಾಡೋಕೆ ಆಗಲ್ವಾ ಡಾಕ್ಟ್ರೇ?" ಮಗಳ ಮೊಬೈಲಿನಲ್ಲಿ ಅಷ್ಟರಲ್ಲೇ ಬೆಳ್ಳುಳ್ಳಿ, ಶುಂಠಿ, ನಿಂಬೆ, ವಿನೆಗರ್ ಕುದಿಸಿ ಕುಡಿಯುವ ಕಷಾಯದ ವಿವರ ಬಂದಿತ್ತು. ಒಂದು ತಿಂಗಳಲ್ಲಿ ಬ್ಲಾಕ್ ಕರಗುತ್ತದಂತೆ.

ಹೆಂಡತಿಯ ಪ್ರಶ್ನೆಯನ್ನು ತಳ್ಳಿಹಾಕಬಾರದು. ಅದು ಒಳ್ಳೆಯ ಪ್ರಶ್ನೆ. ಕೆಲವರ ಮಟ್ಟಿಗೆ ಉತ್ತರ "ಆಗುತ್ತದೆ" ಎಂದೇ. ಇನ್ನು ಕೆಲವರು ಅದೇ ಉತ್ತರ ನಂಬಿ ಕಾದರೆ ಜೀವವೇ ಹೋಗಬಹುದು. ತಾವು ಯಾವ ಕಡೆಗೆ ಸೇರಿದವರು ಎಂದು ತಿಳಿಯುವ ಮೊದಲೇ ಜನ ಕಷಾಯ ಶುರು ಮಾಡುತ್ತಾರೆ. ನನಗೆ ಸಂಕಟ ಆಗುವುದು ಅಲ್ಲಿ.

ಮೊದಲು ಕೇಳಬೇಕಾಗಿದ್ದು

ಎರಡನೇ ಅಭಿಪ್ರಾಯಕ್ಕೆ ಹೋದಾಗ ಅಲ್ಲಿನ ವೈದ್ಯರು ಊಟದ ಮಾತು ಎತ್ತಲೇ ಇಲ್ಲ. ಮೊದಲು ನೋವಿನ ಬಗ್ಗೆ ಕೇಳಿದರು. ಎಷ್ಟು ಮೆಟ್ಟಿಲಿಗೆ ಬರುತ್ತೆ? ಹೋದ ತಿಂಗಳು ಎಷ್ಟು ಮೆಟ್ಟಿಲಿಗೆ ಬರ್ತಿತ್ತು? ರಾತ್ರಿ ನಿದ್ದೆಯಿಂದ ಎಬ್ಬಿಸಿದೆಯಾ? ಒಂದೇ ಅಳತೆಯ ಶ್ರಮಕ್ಕೆ ಬಂದು, ನಿಂತ ಕೂಡಲೇ ಹೋಗುವ ನೋವು ಒಂದು ಥರದ್ದು. ದಿನೇ ದಿನೇ ಕಡಿಮೆ ಶ್ರಮಕ್ಕೆ ಬರುವುದು, ಕೂತಲ್ಲೇ ಬರುವುದು, ಹೊತ್ತು ಹೋದರೂ ಬಿಡದಿರುವುದು ಬೇರೆಯೇ ಥರ. ಎರಡನೆಯದಾಗಿದ್ದರೆ ಊಟ, ನಡಿಗೆ, ಯೋಗ ಎಂಬ ಚರ್ಚೆಗೆ ಜಾಗವೇ ಇಲ್ಲ. ಅವತ್ತೇ ಆಸ್ಪತ್ರೆ ಸೇರಬೇಕು. ಹೃದಯಾಘಾತ ನಡೆಯುತ್ತಿರುವಾಗ ಮುಚ್ಚಿದ ನಾಳವನ್ನು ಬೇಗ ತೆರೆಯುವುದು ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಆಮೇಲೆ ಅವರು ನೋಡಿದ್ದು ಬ್ಲಾಕ್ ಎಲ್ಲಿದೆ ಅಂತ. ಎಡಗಡೆಯ ಬುಡನಾಳದಲ್ಲಿ ಅರ್ಧಕ್ಕಿಂತ ಹೆಚ್ಚು ಕಟ್ಟಿದ್ದರೆ ಬೈಪಾಸ್ ಆಯಸ್ಸನ್ನೇ ಹೆಚ್ಚಿಸುತ್ತದೆ. ಹೃದಯದ ಎಡಭಾಗದ ಹೆಚ್ಚಿನ ಸ್ನಾಯುವಿಗೆ ರಕ್ತ ಹೋಗುವುದು ಆ ಒಂದೇ ದಾರಿಯಲ್ಲಿ. ಮೂರೂ ನಾಳ ಕಟ್ಟಿ ಪಂಪಿಂಗ್ ಕುಸಿದಿದ್ದರೂ ಹಾಗೆಯೇ. ಸಕ್ಕರೆ ಕಾಯಿಲೆ ಇದ್ದು ಹಲವು ನಾಳ ಕಟ್ಟಿದ್ದರೂ ಬೈಪಾಸೇ ಮೇಲು. 2012ರಲ್ಲಿ ಬಂದ ಫ್ರೀಡಂ ಎಂಬ ಅಧ್ಯಯನ ಅಂಥ 1,900 ಜನರನ್ನು ನೋಡಿ, ನಾಳವನ್ನು ಒಳಗಿನಿಂದ ಹಿಗ್ಗಿಸುವ ಜಾಲರಿಯಾದ ಸ್ಟೆಂಟಿಗಿಂತ ಬೈಪಾಸ್ ಆದವರಲ್ಲಿ ಸಾವು ಮತ್ತು ಹೃದಯಾಘಾತ ಕಡಿಮೆ ಎಂದು ತೋರಿಸಿತು. ಇಂಥವರಿಗೆ "ಆಹಾರದಿಂದಲೇ ಸರಿ ಮಾಡ್ಕೊಳ್ಳಿ" ಎನ್ನುವವರು ಒಳ್ಳೆಯದು ಮಾಡುತ್ತಿಲ್ಲ.

ನಮ್ಮ ಪ್ರಕರಣದಲ್ಲಿ ಇವು ಯಾವುವೂ ಇರಲಿಲ್ಲ. ಉಳಿದದ್ದು ಶೇ 60ರ ಆ ಮುಂಭಾಗದ ಬ್ಲಾಕ್. ಬೈಪಾಸ್ ಮಾತು ಬಂದಿದ್ದೇ ಅದರಿಂದ. ಆಂಜಿಯೋಗ್ರಾಂ ತೋರಿಸುವುದು ನೆರಳನ್ನು. ರಕ್ತ ಹರಿಯಲು ನಿಜವಾಗಿ ಅಡ್ಡಿ ಇದೆಯೋ ಇಲ್ಲವೋ ಎಂದು ಅದರಿಂದ ಖಚಿತವಾಗಿ ಹೇಳಲಾಗದು. ಅದಕ್ಕೆ ಕೂದಲೆಳೆಯಂಥ ತಂತಿಯನ್ನು ಬ್ಲಾಕ್ ದಾಟಿಸಿ, ಆಚೆಗಿನ ಒತ್ತಡವನ್ನು ಈಚೆಗಿನ ಒತ್ತಡದ ಜೊತೆ ಹೋಲಿಸುತ್ತಾರೆ. ಎಫ್‌ಎಫ್‌ಆರ್ ಅನ್ನುತ್ತಾರೆ. 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಡ್ಡಿ ಇದೆ ಎಂದರ್ಥ. ಫೇಮ್ ಎಂಬ ಅಧ್ಯಯನದಲ್ಲಿ, ಕಣ್ಣಿಗೆ ಶೇ 50ರಿಂದ 70 ಎಂದು ಕಂಡ ಬ್ಲಾಕ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ನಿಜವಾಗಿ ಹರಿವಿಗೆ ಅಡ್ಡಿಯಾಗಿದ್ದವು. ಇವರ ಮುಂಭಾಗದ ನಾಳದಲ್ಲಿ ಬಂದಿದ್ದು 0.86. ಅಂದರೆ ಅದನ್ನು ಮುಟ್ಟಬೇಕಾಗಿಲ್ಲ. ಬಲಗಡೆಯದು 0.72, ಮೆಟ್ಟಿಲಿನ ನೋವು ಬರುತ್ತಿದ್ದದ್ದು ಅದರಿಂದ.

ಬೈಪಾಸ್ ಮಾತು ಅಲ್ಲಿಗೆ ಮುಗಿಯಿತು. ಬಲಗಡೆಗೆ ಒಂದು ಸ್ಟೆಂಟ್ ಹಾಕಬಹುದು, ಹಾಕದೆ ಔಷಧಿ ಕೊಟ್ಟು ಕಾಯಲೂಬಹುದು. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನ ಈ ಪ್ರಶ್ನೆಯನ್ನೇ ಕೇಳಿತ್ತು. 5,179 ಜನ. ಅರ್ಧ ಜನಕ್ಕೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್, ಇನ್ನರ್ಧಕ್ಕೆ ಮೊದಲು ಔಷಧಿ ಮತ್ತು ಜೀವನಕ್ರಮದ ಬದಲಾವಣೆ. ಆ ಅವಧಿಯಲ್ಲಿ ತೀರಿಕೊಂಡವರು ಮೊದಲ ಗುಂಪಿನಲ್ಲಿ 145, ಎರಡನೆಯದರಲ್ಲಿ 144. ಹೃದಯಾಘಾತ ಸೇರಿಸಿ ನೋಡಿದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಎದೆನೋವು ಮಾತ್ರ ಮೊದಲ ಗುಂಪಿನಲ್ಲಿ ಚೆನ್ನಾಗಿ ಇಳಿದಿತ್ತು. ಬುಡನಾಳ ಕಟ್ಟಿದವರನ್ನು, ಪಂಪಿಂಗ್ ತೀರಾ ಕುಸಿದವರನ್ನು ಈ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಈ ಅಂಕಿ ಎತ್ತಿ ಹೇಳುವವರು ಆ ಮಾತನ್ನೂ ಹೇಳಬೇಕು.

ಹಾಗಾಗಿ ವೈದ್ಯರು ಅಂದದ್ದು ಇಷ್ಟು. "ನಿಮಗೆ ಕಾಯೋ ಅವಕಾಶ ಇದೆ. ಸುಮ್ನೆ ಕಾಯೋದಲ್ಲ. ಪೂರ್ತಿ ಚಿಕಿತ್ಸೆ ತಗೊಂಡು ಕಾಯೋದು."

ಕೊಳವೆ ಅಲ್ಲ

ಬ್ಲಾಕ್ ಅಂದ ಕೂಡಲೇ ಎಲ್ಲರ ಕಣ್ಣಿಗೂ ಕಸ ಕಟ್ಟಿದ ಕೊಳವೆ ಬರುತ್ತದೆ. ಏನಾದರೂ ಕುಡಿದು ತೊಳೆದುಬಿಡಬಹುದು ಎಂಬ ಆಸೆ ಹುಟ್ಟುವುದು ಆ ಚಿತ್ರದಿಂದಲೇ. ಆದರೆ ಕೊಬ್ಬು ಕೂರುವುದು ನಾಳದ ಒಳಹಾದಿಯಲ್ಲಿ ಅಲ್ಲ, ನಾಳದ ಗೋಡೆಯೊಳಗೆ. ಚರ್ಮದ ಕೆಳಗಿನ ಕುರುವಿನ ಹಾಗೆ ಅದು. ಒಳಗೆ ಕೊಲೆಸ್ಟ್ರಾಲ್, ಸತ್ತ ಕಣ, ಉರಿಯೂತ. ಮೇಲೆ ಒಂದು ತೆಳು ಪೊರೆ. ವರ್ಷಗಟ್ಟಲೆ ನಾಳ ಹೊರಮುಖವಾಗಿ ಹಿಗ್ಗಿ ಜಾಗ ಮಾಡಿಕೊಡುತ್ತದೆ. ಆಗ ಆಂಜಿಯೋಗ್ರಾಂನಲ್ಲಿ ಏನೂ ಕಾಣದಿರಲೂಬಹುದು. ಹೃದಯಾಘಾತ ಸಾಮಾನ್ಯವಾಗಿ ಆಗುವುದು ಆ ಪೊರೆ ಹರಿದು, ಅದರ ಮೇಲೆ ದಿಢೀರನೆ ರಕ್ತ ಹೆಪ್ಪುಗಟ್ಟಿದಾಗ. ಹಾಗೆ ಹರಿಯುವ ಎಷ್ಟೋ ಜಾಗಗಳಲ್ಲಿ ಮೊದಲು ಇದ್ದ ಬ್ಲಾಕ್ ದೊಡ್ಡದೇನೂ ಆಗಿರುವುದಿಲ್ಲ.

ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಸ್ಟೆಂಟ್ ಎರಡು ಮೂರು ಸೆಂಟಿಮೀಟರ್ ಜಾಗವನ್ನು ಹಿಗ್ಗಿಸುತ್ತದೆ. ಬೈಪಾಸ್ ಕಟ್ಟಿದ ಜಾಗವನ್ನು ದಾಟಿಸಿ ಬೇರೆ ದಾರಿ ಕೊಡುತ್ತದೆ. ಆದರೆ ಕಾಯಿಲೆ ಇರುವುದು ನಾಳಗಳ ಉದ್ದಕ್ಕೂ. ಆ ಗೋಡೆಯನ್ನು ಶಾಂತ ಮಾಡುವುದು, ಒಳಗಿನ ಕೊಬ್ಬನ್ನು ಕಡಿಮೆ ಮಾಡುವುದು, ಪೊರೆಯನ್ನು ಗಟ್ಟಿ ಮಾಡುವುದು ಕತ್ತರಿಯ ಕೆಲಸವಲ್ಲ. ಅದನ್ನು ಮಾಡುವುದು ಎಲ್‌ಡಿಎಲ್ ಇಳಿಕೆ, ಸಿಗರೇಟು ಬಿಡುವುದು, ಬಿಪಿ ಹತೋಟಿ, ಊಟ ಮತ್ತು ನಡಿಗೆ. ಆಪರೇಷನ್ ಆದವರಿಗೂ ಇದು ಬೇಕೇ ಬೇಕು. ಆದ್ದರಿಂದ "ಆಪರೇಷನ್ನಿಗೆ ಬದಲಾಗಿ ಆಹಾರ" ಎನ್ನುವ ಮಾತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಆಹಾರ ಎಲ್ಲರಿಗೂ ಚಿಕಿತ್ಸೆ. ಕೆಲವರಿಗೆ ಮಾತ್ರ ಅದರ ಜೊತೆಗೆ ಆಪರೇಷನ್ನೂ ಬೇಕು.

ತಟ್ಟೆಯಲ್ಲಿ ಏನು ಬದಲಾಯಿತು

ಕರಿದದ್ದು, ಬೇಕರಿ ತಿಂಡಿ, ಪ್ಯಾಕೆಟ್ ತಿಂಡಿ ಮೊದಲು ಹೋದವು. ಅವುಗಳಲ್ಲಿ ಟ್ರಾನ್ಸ್ ಕೊಬ್ಬು ಇರಬಹುದು, ಉಪ್ಪು ಇರುತ್ತದೆ, ಸಕ್ಕರೆ ಇರುತ್ತದೆ. ಬೆಣ್ಣೆ, ತುಪ್ಪ, ಕೊಬ್ಬಿರುವ ಕೆಂಪು ಮಾಂಸ, ಕೆನೆ ಹಾಲು ತೀರಾ ಅಪರೂಪಕ್ಕೆ ಬಂತು. ಎಣ್ಣೆ ಬದಲಾಯಿತು, ಅಳತೆಯೂ ಇಳಿಯಿತು. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಕಾಳು ಬೇಳೆ, ಇನ್ನು ಕಾಲು ಭಾಗ ಪಾಲಿಶ್ ಮಾಡದ ಧಾನ್ಯ. ಬೆಳಿಗ್ಗೆ ಓಟ್ಸ್. ಸಂಜೆ ಒಂದು ಹಿಡಿ ಬಾದಾಮಿ ಅಥವಾ ವಾಲ್‌ನಟ್, ಉಪ್ಪು ಹಾಕದ್ದು. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ವಿಶ್ವ ಆರೋಗ್ಯ ಸಂಸ್ಥೆ ಹೇಳುವಷ್ಟು.

ಇದರಲ್ಲಿ ಒಂದೊಂದಕ್ಕೂ ಲೆಕ್ಕ ಇದೆ. ಓಟ್ಸ್ ಬೇಯಿಸಿದಾಗ ಲೋಳೆ ಲೋಳೆಯಾಗುತ್ತದಲ್ಲ, ಅದು ಬೀಟಾ ಗ್ಲೂಕನ್ ಎಂಬ ಕರಗುವ ನಾರು. ಕರುಳಿನಲ್ಲಿ ಪಿತ್ತರಸವನ್ನು ಹಿಡಿದಿಟ್ಟುಕೊಂಡು ಹೊರಗೆ ಹಾಕುತ್ತದೆ. ಕಳೆದುಹೋದ ಪಿತ್ತವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳಬೇಕಾಗುತ್ತದೆ. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ ಸಿಕ್ಕರೆ ಎಲ್‌ಡಿಎಲ್ ಸುಮಾರು ಶೇ 5 ಇಳಿಯುತ್ತದೆ. ಒಂದರಿಂದಲೇ ಜಾಸ್ತಿ ಸಿಗುವುದಿಲ್ಲ, ಆದರೆ ಇಂಥವು ಒಂದರ ಮೇಲೊಂದು ಸೇರುತ್ತವೆ. 2003ರಲ್ಲಿ ಡೇವಿಡ್ ಜೆಂಕಿನ್ಸ್ ತಂಡ ಕರಗುವ ನಾರು, ಸೋಯಾ, ಬಾದಾಮಿ, ಸಸ್ಯ ಸ್ಟೆರಾಲ್ ಎಲ್ಲವನ್ನೂ ಒಟ್ಟಿಗೆ ಕೊಟ್ಟಾಗ ಒಂದು ತಿಂಗಳಲ್ಲಿ ಎಲ್‌ಡಿಎಲ್ ಶೇ 28.6 ಇಳಿಯಿತು. ಅದೇ ಪ್ರಯೋಗದಲ್ಲಿ ಕೊಲೆಸ್ಟ್ರಾಲ್ ಇಳಿಸುವ ಲೋವಾಸ್ಟಾಟಿನ್ ಮಾತ್ರೆ ತಗೊಂಡವರಲ್ಲಿ ಇಳಿದದ್ದು ಶೇ 30.9. ಅಲ್ಲಿ ಊಟವನ್ನೆಲ್ಲ ಅವರೇ ಅಳೆದು ಕೊಟ್ಟಿದ್ದರು. ಮನೆಯಲ್ಲಿ ತಾವೇ ಮಾಡಿಕೊಂಡಾಗ ಅಷ್ಟು ಸಿಗುವುದು ಕಷ್ಟ. ಆದರೂ ಆಹಾರಕ್ಕೆ ಎಷ್ಟು ಶಕ್ತಿ ಇದೆ ಎಂದು ಅದು ತೋರಿಸುತ್ತದೆ.

ಲಿಯಾನ್ ಅಧ್ಯಯನದ ಮಾತನ್ನೂ ಇಲ್ಲಿ ಹೇಳಬೇಕು. ಫ್ರಾನ್ಸಿನಲ್ಲಿ ಒಮ್ಮೆ ಹೃದಯಾಘಾತವಾಗಿ ಬದುಕಿದ 605 ಜನರಲ್ಲಿ ಅರ್ಧದಷ್ಟು ಜನಕ್ಕೆ ಮೆಡಿಟರೇನಿಯನ್ ಮಾದರಿಯ ಊಟ ಹೇಳಿದರು. ತರಕಾರಿ, ಹಣ್ಣು, ಕಾಳು, ಮೀನು ಜಾಸ್ತಿ. ಕೆಂಪು ಮಾಂಸ, ಬೆಣ್ಣೆ ಕಡಿಮೆ. 1999ರಲ್ಲಿ ಬಂದ ಕೊನೆಯ ವರದಿಯಲ್ಲಿ ಮತ್ತೆ ಹೃದಯಾಘಾತ ಆಗುವುದು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಗಮನಿಸಬೇಕಾದ್ದೆಂದರೆ ಎರಡೂ ಗುಂಪಿನ ಕೊಲೆಸ್ಟ್ರಾಲ್ ಹೆಚ್ಚುಕಮ್ಮಿ ಒಂದೇ ಇತ್ತು. ಒಳ್ಳೆಯ ಊಟ ಕೆಲಸ ಮಾಡುವುದು ಕೊಲೆಸ್ಟ್ರಾಲ್ ಮೂಲಕ ಮಾತ್ರ ಅಲ್ಲ ಅಂತಾಯಿತು.

ಊಟದ ಜೊತೆಗೆ ಮಾತ್ರೆ ಬಂತು. ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸಲು ರೊಸುವಾಸ್ಟಾಟಿನ್ 20 ಮಿ.ಗ್ರಾಂ, ಬಿಪಿಗೆ ಒಂದು, ಹೃದಯದ ಬಡಿತ ತಗ್ಗಿಸಲು ಒಂದು. ನೋವು ಬಂದರೆ ನಾಲಿಗೆ ಕೆಳಗೆ ಇಟ್ಟುಕೊಳ್ಳಲು ನೈಟ್ರೇಟ್. ಸಿಗರೇಟು ಮೂರನೇ ಪ್ರಯತ್ನಕ್ಕೆ ನಿಂತಿತು, ನಿಕೋಟಿನ್ ಚ್ಯೂಯಿಂಗ್ ಗಮ್ ಸಹಾಯದಿಂದ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಅವರು ಮಾಡಿದ ಅತಿ ದೊಡ್ಡ ಕೆಲಸ ಅದು. ಹೃದಯದ ಕಾಯಿಲೆ ಇದ್ದು ಸಿಗರೇಟು ಬಿಟ್ಟವರಲ್ಲಿ ಸಾವಿನ ಅಪಾಯ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ.

ನಡಿಗೆಯನ್ನು ಹೃದಯ ಪುನಶ್ಚೇತನ ಕೇಂದ್ರದಲ್ಲಿ ಶುರು ಮಾಡಿಸಿದರು. ನೋವು ಬರುವ ಬಡಿತಕ್ಕಿಂತ ಹತ್ತು ಹದಿನೈದು ಕೆಳಗೆ ಇರುವ ಹಾಗೆ. ಮೊದಲ ವಾರ ಬರೀ ಹತ್ತು ನಿಮಿಷ, ಮೂರನೇ ತಿಂಗಳಿಗೆ ನಲವತ್ತು. ಜರ್ಮನಿಯಲ್ಲಿ ಹಾಂಬ್ರೆಕ್ಟ್ ತಂಡ 2004ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಸ್ಥಿರ ಎದೆನೋವಿನ 101 ಗಂಡಸರು. ಅರ್ಧದಷ್ಟು ಜನಕ್ಕೆ ಸ್ಟೆಂಟ್, ಇನ್ನರ್ಧಕ್ಕೆ ದಿನಾ 20 ನಿಮಿಷ ಸೈಕಲ್ ತುಳಿತ. ವರ್ಷದ ಕೊನೆಗೆ ಹೃದಯದ ತೊಂದರೆ ಏನೂ ಇಲ್ಲದೆ ಇದ್ದವರು ಸೈಕಲ್ ಗುಂಪಿನಲ್ಲಿ ಶೇ 88, ಸ್ಟೆಂಟ್ ಗುಂಪಿನಲ್ಲಿ ಶೇ 70. ಪ್ರಯೋಗ ಚಿಕ್ಕದು, ಹಳೆಯದು. ಹಾಗಿದ್ದರೂ ವ್ಯಾಯಾಮವನ್ನು ಸುಮ್ನೆ ಹೇಳುವ ಉಪದೇಶ ಎಂದುಕೊಂಡವರು ಇದನ್ನು ತಿಳಿದಿರಬೇಕು.

ಒಡೆಯದ ಮಾತ್ರೆ ಪಟ್ಟಿ

ಮೂರು ತಿಂಗಳಿಗೆ ಎಲ್‌ಡಿಎಲ್ 58ಕ್ಕೆ ಬಂತು. ತೂಕ 79. ಎರಡನೇ ಮಹಡಿಗೆ ಹತ್ತಿದರೂ ನೋವಿಲ್ಲ. ಎಲ್ಲರಿಗೂ ಖುಷಿ.

ಆರನೇ ತಿಂಗಳಲ್ಲಿ ಹೆಂಡತಿ ಡ್ರಾಯರ್ ಚೊಕ್ಕ ಮಾಡುವಾಗ ರೊಸುವಾಸ್ಟಾಟಿನ್ ಪಟ್ಟಿಗಳು ಒಂದೂ ಒಡೆಯದೆ ಇದ್ದವು. ಪಕ್ಕದಲ್ಲಿ ಬೆಳ್ಳುಳ್ಳಿ ಕ್ಯಾಪ್ಸೂಲಿನ ಡಬ್ಬ, ಅರ್ಧ ಖಾಲಿ. ಕೇಳಿದಾಗ ಅವರು ಮುಚ್ಚಿಡಲಿಲ್ಲ. "ಊಟದಿಂದಲೇ ಇಷ್ಟು ಇಳಿದಿದೆ ಕಣೇ. ಇನ್ನು ಈ ಕೆಮಿಕಲ್ ಯಾಕೆ?" ಎಂಟು ವಾರದಿಂದ ಬಿಟ್ಟಿದ್ದರು. ವೈದ್ಯರು ಬೈಯಲಿಲ್ಲ. ಅವತ್ತೇ ರಕ್ತ ತೆಗೆಸಿದರು. ಎಲ್‌ಡಿಎಲ್ 121.

ಹೀಗೆ ಬಿಡುವುದು ಅಪಾಯ, ಯಾರೂ ಮಾಡಬಾರದು. ಆದರೆ ಆ ಒಂದು ಅಂಕಿ ಮನೆಯವರಿಗೆ ಎಲ್ಲವನ್ನೂ ತಿಳಿಸಿತು. ಊಟ ಒಂದೇ 152ನ್ನು 121ಕ್ಕೆ ಇಳಿಸಿತ್ತು. ಅಂದರೆ ಐದನೇ ಒಂದು ಭಾಗ. ಊಟಕ್ಕೆ ಇದು ಒಳ್ಳೆಯ ಫಲವೇ. 121ರಿಂದ 58ಕ್ಕೆ ಇಳಿಸಿದ್ದು ಮಾತ್ರೆ. ಈಗಾಗಲೇ ಬ್ಲಾಕ್ ಇರುವವರಿಗೆ 70ಕ್ಕಿಂತ ಕೆಳಗಿರಬೇಕು ಎನ್ನುತ್ತಾರೆ. ಯೂರೋಪಿನ ಹೃದ್ರೋಗ ತಜ್ಞರ 2019ರ ಮಾರ್ಗಸೂಚಿ 55ಕ್ಕಿಂತ ಕೆಳಗೆ ಎನ್ನುತ್ತದೆ. 121 ಅದರ ಹತ್ತಿರಕ್ಕೂ ಬರುವುದಿಲ್ಲ. ಸ್ಟಾಟಿನ್ ಎಂಬ ಈ ಗುಂಪಿನ ಮಾತ್ರೆಗಳ ಬಗ್ಗೆ ಇರುವ ಪುರಾವೆಯೂ ಗಟ್ಟಿ. 1994ರ ಸ್ಕ್ಯಾಂಡಿನೇವಿಯನ್ ಅಧ್ಯಯನದಲ್ಲಿ ಹೃದ್ರೋಗ ಇದ್ದ 4,444 ಜನರಲ್ಲಿ ಸಿಮ್ವಾಸ್ಟಾಟಿನ್ ತಗೊಂಡವರ ಸಾವು ಶೇ 30 ಕಡಿಮೆಯಾಗಿತ್ತು.

ಬೆಳ್ಳುಳ್ಳಿಯ ವಿಷಯ. ಸ್ಟಾನ್‌ಫರ್ಡಿನಲ್ಲಿ 192 ಜನರಿಗೆ ಆರು ತಿಂಗಳು ಹಸಿ ಬೆಳ್ಳುಳ್ಳಿ, ಪುಡಿ, ಇಲ್ಲವೇ ಬಹುಕಾಲ ಇಟ್ಟು ಹಳತು ಮಾಡಿದ ಬೆಳ್ಳುಳ್ಳಿಯ ಸಾರ ಕೊಟ್ಟು ನೋಡಿದರು. 2007ರಲ್ಲಿ ಬಂದ ಫಲಿತಾಂಶದಲ್ಲಿ ಯಾವುದರಿಂದಲೂ ಎಲ್‌ಡಿಎಲ್ ಇಳಿದಿರಲಿಲ್ಲ. ಅಡುಗೆಗೆ ಹಾಕಿಕೊಳ್ಳಿ, ರುಚಿ ಇದೆ. ಚಿಕಿತ್ಸೆ ಎಂದು ನಂಬಬೇಡಿ. ವಿಟಮಿನ್ ಇ ಮಾತ್ರೆಯ ಕಥೆಯೂ ಹಾಗೆಯೇ, 2000ದ ಹೋಪ್ ಅಧ್ಯಯನದಲ್ಲಿ ಯಾವ ಲಾಭವೂ ಕಾಣಲಿಲ್ಲ. ರಕ್ತದಲ್ಲಿನ ಲೋಹ ತೆಗೆಯುವ ಕೀಲೇಶನ್ ಡ್ರಿಪ್ ಬಗ್ಗೆ ಮಗಳು ಕೇಳಿದ್ದಳು. 2013ರ ಮೊದಲ ದೊಡ್ಡ ಪ್ರಯೋಗದಲ್ಲಿ ಸ್ವಲ್ಪ ಲಾಭ ಕಂಡಿತ್ತು, ಮುಖ್ಯವಾಗಿ ಸಕ್ಕರೆ ಕಾಯಿಲೆ ಇದ್ದವರಲ್ಲಿ. ಅಂಥವರ ಮೇಲೆಯೇ ಮತ್ತೆ ಮಾಡಿ ನೋಡಿದಾಗ, 2024ರಲ್ಲಿ, ಆ ಲಾಭ ಕಾಣಲಿಲ್ಲ.

"ನೈಸರ್ಗಿಕ" ಎಂದು ಬರೆದ ಡಬ್ಬಗಳ ಬಗ್ಗೆ ಇನ್ನೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಕೆಂಪು ಯೀಸ್ಟ್ ಅಕ್ಕಿಯ ಕ್ಯಾಪ್ಸೂಲಿನಲ್ಲಿ ಕೆಲಸ ಮಾಡುವ ಅಂಶ ಮೊನಾಕೊಲಿನ್ ಕೆ. ಅದೂ ಲೋವಾಸ್ಟಾಟಿನ್ನೂ ಒಂದೇ ವಸ್ತು. ಸ್ಟಾಟಿನ್ ಜೊತೆ ಅದನ್ನೂ ನುಂಗಿದರೆ ಎರಡು ಸ್ಟಾಟಿನ್ ನುಂಗಿದ ಹಾಗೆ, ಸ್ನಾಯುಗಳಿಗೆ ಅಪಾಯ. ಇನ್ನೊಂದು, ಗಂಡಸರ ಶಕ್ತಿಗೆ ಎಂದು ಮಾರುವ ಗಿಡಮೂಲಿಕೆ ಪುಡಿಗಳಲ್ಲಿ ವಯಾಗ್ರಾದ ಔಷಧಿಯಾದ ಸಿಲ್ಡೆನಾಫಿಲ್ ಕದ್ದು ಬೆರೆಸಿರುವುದು ಪದೇ ಪದೇ ಸಿಕ್ಕಿದೆ. ಅದರ ಜೊತೆ ನಾಲಿಗೆ ಕೆಳಗಿನ ನೈಟ್ರೇಟ್ ಸೇರಿದರೆ ಬಿಪಿ ಪಾತಾಳಕ್ಕೆ ಇಳಿದು ಜೀವಕ್ಕೇ ಕುತ್ತು. ಏನೇ ತಗೊಳ್ಳುತ್ತಿದ್ದರೂ ವೈದ್ಯರ ಮೇಜಿನ ಮೇಲೆ ಇಟ್ಟು ತೋರಿಸಬೇಕು.

ಮಾತ್ರೆ ಮತ್ತೆ ಶುರುವಾಯಿತು. ಈ ಸಲ ಹೆಂಡತಿ ಅದನ್ನು ಊಟದ ಮೇಜಿಗೆ ತಂದಿಟ್ಟರು.

"ಬ್ಲಾಕ್ ಎಷ್ಟು ಕರಗಿದೆ?"

ವರ್ಷದ ಕೊನೆಗೆ ಅವರು ಇದನ್ನೇ ಕೇಳಿದರು. ಟ್ರೆಡ್‌ಮಿಲ್ ಮೇಲೆ ಒಂಬತ್ತು ನಿಮಿಷ ನಡೆದಿದ್ದರು, ನೋವಿರಲಿಲ್ಲ. ಬಿಪಿ 126/78, ತೂಕ 76. ಆದರೂ ಅವರಿಗೆ ಬೇಕಾಗಿದ್ದು ಆ ಶೇಕಡಾ ಅಂಕಿ. ಮತ್ತೆ ಆಂಜಿಯೋಗ್ರಾಂ ಮಾಡಿಸೋಣ ಅಂದರು. ವೈದ್ಯರು ಒಪ್ಪಲಿಲ್ಲ, ನನ್ನ ಪ್ರಕಾರ ಅದು ಸರಿ.

ಆಹಾರದಿಂದ ಬ್ಲಾಕ್ ಹಿಂದಕ್ಕೆ ಹೋಗುತ್ತದೆ ಎನ್ನುವವರು ಸಾಮಾನ್ಯವಾಗಿ ಬೊಟ್ಟು ಮಾಡುವುದು ಡೀನ್ ಆರ್ನಿಷ್ ತಂಡದ ಅಧ್ಯಯನವನ್ನು. 1990ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಕೊಬ್ಬಿನಿಂದ ಬರುವ ಶಕ್ತಿ ಶೇ 10 ಮಾತ್ರ ಇರುವ ಸಸ್ಯಾಹಾರ, ವ್ಯಾಯಾಮ, ಧ್ಯಾನ ಮತ್ತು ಯೋಗ, ಸಿಗರೇಟು ಬಂದ್, ವಾರವಾರ ಗುಂಪಿನಲ್ಲಿ ಕೂತು ಮಾತು. ಒಂದು ವರ್ಷದಲ್ಲಿ ಅವರ ಬ್ಲಾಕ್‌ಗಳ ಸರಾಸರಿ ಶೇ 40.0ರಿಂದ ಶೇ 37.8ಕ್ಕೆ ಇಳಿಯಿತು. ಮಾಮೂಲಿ ಚಿಕಿತ್ಸೆಯಲ್ಲಿದ್ದವರದು ಶೇ 42.7ರಿಂದ ಶೇ 46.1ಕ್ಕೆ ಏರಿತು. ಇಳಿದದ್ದು ಶೇ 2 ಚಿಲ್ಲರೆ, ಅಷ್ಟೇ. ಆದರೆ ಅದೇ ಜನರಲ್ಲಿ ಎದೆನೋವು ಬರುವುದು ಒಂದು ವರ್ಷದಲ್ಲಿ ಶೇ 91 ಕಡಿಮೆಯಾಗಿತ್ತು. ಐದು ವರ್ಷದ ಕೊನೆಗೆ ಈ ಕ್ರಮ ಪಾಲಿಸಿದ 28 ಜನರಲ್ಲಿ ಹೃದಯದ ತೊಂದರೆಯ 25 ಘಟನೆಗಳು, ಇನ್ನೊಂದು ಗುಂಪಿನ 20 ಜನರಲ್ಲಿ 45. ತೀರಾ ಚಿಕ್ಕ ಗುಂಪು, ಆದ್ದರಿಂದ ಇದನ್ನೇ ನಂಬಿ ಎಲ್ಲರಿಗೂ ಹೇಳಲಾಗದು. ಆದರೆ ಅದು ತೋರಿಸುವ ದಿಕ್ಕು ಸ್ಪಷ್ಟ.

ಮಾತ್ರೆಯಿಂದಲೂ ಅಷ್ಟೇ. 2006ರ ಆಸ್ಟರಾಯ್ಡ್ ಅಧ್ಯಯನದಲ್ಲಿ ರೊಸುವಾಸ್ಟಾಟಿನ್ 40 ಮಿ.ಗ್ರಾಂ ಎರಡು ವರ್ಷ ಕೊಟ್ಟಾಗ ಎಲ್‌ಡಿಎಲ್ ಸರಾಸರಿ 60.8ಕ್ಕೆ ಇಳಿಯಿತು. ನಾಳದ ಗೋಡೆಯ ಕೊಬ್ಬಿನ ಪ್ರಮಾಣ ಇಳಿದದ್ದು ಶೇ 1ರ ಆಸುಪಾಸು. ಅಂದರೆ 80 ಇದ್ದದ್ದು 20 ಆಗುವುದಿಲ್ಲ. ಹಾಗೆ ಆಗುತ್ತದೆ ಎನ್ನುವವರನ್ನು ನಂಬಬೇಡಿ. ನಾಳದ ಅಗಲ ಹೆಚ್ಚು ಬದಲಾಗದೆಯೇ ನೋವು ಇಳಿಯುತ್ತದೆ, ಆಘಾತದ ಅಪಾಯ ಇಳಿಯುತ್ತದೆ. ನಾಳದ ಒಳಪದರ ಮತ್ತೆ ಚೆನ್ನಾಗಿ ಹಿಗ್ಗಲು ಶುರುಮಾಡುತ್ತದೆ, ಕೊಬ್ಬಿನ ಮೇಲಿನ ಪೊರೆ ಗಟ್ಟಿಯಾಗುತ್ತದೆ, ನಡಿಗೆಯಿಂದ ಹೃದಯ ಅದೇ ಕೆಲಸವನ್ನು ಕಡಿಮೆ ಬಡಿತದಲ್ಲಿ ಮಾಡುತ್ತದೆ. ಕಾಣದ ಜಾಗದಲ್ಲಿ ಆಗುವ ಈ ಬದಲಾವಣೆಯೇ ಬೆಲೆಬಾಳುವಂಥದ್ದು.

ಮೂರನೇ ವರ್ಷ

ಎರಡೂವರೆ ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಒಂದು ವಾರ ಮೊದಲ ಮಹಡಿಗೇ ಎದೆ ಹಿಡಿಯಿತು. ಅದೇ ವಾರ ಒಂದು ರಾತ್ರಿ ಮಲಗಿದ್ದಾಗ ಬಂತು. ನಾಲಿಗೆ ಕೆಳಗೆ ಮಾತ್ರೆ ಇಟ್ಟು ಐದು ನಿಮಿಷ ಕಾದರು, ಹೋಗಲಿಲ್ಲ. ಹೆಂಡತಿ ಬೆಳಗಾಗಲಿ ಅನ್ನಲಿಲ್ಲ, ಗ್ಯಾಸ್ ಇರಬಹುದು ಅನ್ನಲಿಲ್ಲ. ಆಂಬುಲೆನ್ಸ್ ಕರೆದರು. ಯಾವ ಬದಲಾವಣೆ ಕಂಡರೆ ಕಾಯಬಾರದು ಎಂದು ಮೊದಲ ಭೇಟಿಯಲ್ಲೇ ಬರೆಸಿಕೊಂಡಿದ್ದರು. ಕಡಿಮೆ ಶ್ರಮಕ್ಕೆ ನೋವು, ವಿಶ್ರಾಂತಿಯಲ್ಲಿ ನೋವು, ಮಾತ್ರೆಗೆ ಬಗ್ಗದ ನೋವು, ಬೆವರು, ಉಸಿರುಕಟ್ಟು, ದವಡೆಗೋ ತೋಳಿಗೋ ಹರಡುವುದು. ಆಪರೇಷನ್ ಬೇಡ ಎಂದು ನಿರ್ಧರಿಸಿದ ಯಾವ ಮನೆಯಲ್ಲೂ ಇದು ಬಾಯಿಪಾಠ ಇರಬೇಕು.

ಹೃದಯದ ಸ್ನಾಯುವಿಗೆ ಹಾನಿಯಾಗಿರಲಿಲ್ಲ, ಅದನ್ನು ತೋರಿಸುವ ಟ್ರೊಪೊನಿನ್ ರಕ್ತ ಪರೀಕ್ಷೆ ಸರಿ ಇತ್ತು. ಆಂಜಿಯೋಗ್ರಾಂನಲ್ಲಿ ಬಲಗಡೆಯದು ಶೇ 90 ಆಗಿತ್ತು. ಅಲ್ಲಿಗೆ ಒಂದು ಸ್ಟೆಂಟ್ ಹಾಕಿದರು. ಮುಂಭಾಗದ ನಾಳ ಇದ್ದ ಹಾಗೇ ಇತ್ತು, ತಂತಿ ಹಾಕಿ ನೋಡಿದಾಗ 0.85.

ಮಗಳು ಅತ್ತಳು. "ಅಪ್ಪ ಇಷ್ಟು ವರ್ಷ ಕಟ್ಟುನಿಟ್ಟಾಗಿ ಇದ್ದದ್ದು ದಂಡ ಆಯ್ತಲ್ಲ" ಅಂದಳು. ಆ ಮಾತಿನ ಹಿಂದೆ ಎಷ್ಟು ಪ್ರೀತಿ ಇದೆ ಎಂದು ಗೊತ್ತು. ಆದರೆ ಅದು ನಿಜವಲ್ಲ. ಔಷಧಿ ಮೊದಲು ಎಂಬ ದಾರಿ ಹಿಡಿದವರಲ್ಲಿ ಒಂದಷ್ಟು ಜನಕ್ಕೆ ಮುಂದೆ ಸ್ಟೆಂಟ್ ಬೇಕಾಗುತ್ತದೆ. 2007ರ ಕರೇಜ್ ಅಧ್ಯಯನದಲ್ಲಿ ಔಷಧಿ ಗುಂಪಿನ ಸುಮಾರು ಮೂರನೇ ಒಂದು ಭಾಗದವರಿಗೆ ನಾಲ್ಕೂವರೆ ವರ್ಷದಲ್ಲಿ ಹಾಗಾಯಿತು. ಮೊದಲೇ ಸ್ಟೆಂಟ್ ಹಾಕಿಸಿಕೊಂಡವರಲ್ಲೂ ಐದರಲ್ಲಿ ಒಬ್ಬರಿಗೆ ಮತ್ತೆ ಬೇಕಾಗಿತ್ತು. ಈ ಮನೆಯವರಿಗೆ ಇದನ್ನು ಶುರುವಿನಲ್ಲೇ ಯಾರಾದರೂ ಬಿಡಿಸಿ ಹೇಳಿದ್ದರೆ ಆ ಅಳು ಇರುತ್ತಿರಲಿಲ್ಲ. ಕಾಯುವುದು ಎಂದರೆ ಎಂದಿಗೂ ಬೇಡ ಎಂದಲ್ಲ.

ಇವರು ಬೈಪಾಸ್ ತಪ್ಪಿಸಿಕೊಂಡರು. ಎರಡೂವರೆ ವರ್ಷ ನೋವಿಲ್ಲದೆ ಓಡಾಡಿದರು. ಹೃದಯಾಘಾತವಾಗಿಲ್ಲ, ಪಂಪಿಂಗ್ ಕುಸಿದಿಲ್ಲ. ಸಿಗರೇಟು ಬಿಟ್ಟ ಶ್ವಾಸಕೋಶ, ಹತೋಟಿಯಲ್ಲಿರುವ ಬಿಪಿ, ಎಂಟು ಕಿಲೋ ಇಳಿದ ತೂಕದ ಜೊತೆ ಅವರು ಆ ಟೇಬಲ್ ಮೇಲೆ ಮಲಗಿದರು. ಅತಿ ಮುಖ್ಯವಾದ ಮುಂಭಾಗದ ನಾಳ ಮೂರು ವರ್ಷದಲ್ಲಿ ಮುಂದುವರಿಯಲಿಲ್ಲ.

ಸ್ಟೆಂಟ್ ಆದ ಮೇಲೆ ಆಸ್ಪಿರಿನ್ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆ ಒಂದು ವರ್ಷಕ್ಕೆ ಸೇರಿತು. ಇದನ್ನು ಮಧ್ಯೆ ಬಿಟ್ಟರೆ ಸ್ಟೆಂಟೇ ಹಠಾತ್ತನೆ ಮುಚ್ಚಬಹುದು ಎಂದು ವೈದ್ಯರು ಎರಡು ಸಲ ಹೇಳಿದರು. ಊಟ ಅದೇ, ನಡಿಗೆ ಅದೇ, ರೊಸುವಾಸ್ಟಾಟಿನ್ ಜೊತೆಗೆ ಕೊಲೆಸ್ಟ್ರಾಲ್ ಇಳಿಸುವ ಇನ್ನೊಂದು ಮಾತ್ರೆ ಎಜೆಟಿಮೈಬ್ ಸೇರಿಸಿ ಎಲ್‌ಡಿಎಲ್ 47ಕ್ಕೆ ಇಳಿಸಿದರು. ಮನೆಗೆ ಬಂದ ಮೇಲೆ ಮಗಳು ತನ್ನ ರಕ್ತವನ್ನೂ ಪರೀಕ್ಷೆಗೆ ಕೊಟ್ಟಳು. 29 ವರ್ಷ, ಎಲ್‌ಡಿಎಲ್ 141. ಅವಳಿಗೆ ಸದ್ಯಕ್ಕೆ ಮಾತ್ರೆ ಬೇಕಾಗಿಲ್ಲ, ಅಪ್ಪನ ತಟ್ಟೆಯ ಊಟವನ್ನೇ ಶುರು ಮಾಡಿದ್ದಾಳೆ. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಇದೆ.